ಕಂದೀಲಿನ ಡಬ್ಬಿಗೆ ಒಂದು ಚಿಟಿಕೆ ಕುಂಕುಮ

ಕಳೆದ ತಿಂಗಳು ಘಾಟ್ಕೋಪರಿನಲ್ಲಿ ನನ್ನ ಮೊಮ್ಮಗಳ ಮದುವೆಯಾಯಿತು. ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಎ.ಸಿ. ಹಾಲು. ಊಟವಾದ ಮೇಲೆ ಹೆಂಗಸರೆಲ್ಲ ಸೇರಿ ಮದುಮಗಳನ್ನು ಹಿಡಿದು ಕೂರಿಸಿ, ಗಂಡನ ಹೆಸರು ಒಡಪಿನಲ್ಲಿ ಹೇಳದಿದ್ದರೆ ಬಿಡುವುದಿಲ್ಲ ಎಂದು ಹಟ ಹಿಡಿದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವ ಹಾಗಿಲ್ಲ. ಪ್ರಾಸ ಕೂಡಿಸಿ, ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳಬೇಕು. ನಮ್ಮ ಅದಿತಿ ಮಹಾರಾಯ್ತಿ ಮೊಬೈಲು ತೆಗೆದು, ಅದರಲ್ಲಿ ನೋಡಿಕೊಂಡು ಒಡಪು ಓದಿಬಿಟ್ಟಳು! ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಅಬ್ ನೀವು. ಪ್ಲೀಸ್ ನಾ, ಒಂದ್ ಹೇಳ್ರಿ" ಎಂದಳು.

ಯಾರೋ ಬೆಳ್ಳಿಯ ಬಟ್ಟಲನ್ನು ನನ್ನ ಮುಂದೆ ಹಿಡಿದಿದ್ದರು. ಹೊಸ ಕುಂಕುಮದ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ಎಂಬತ್ತು ದಾಟಿದ ತಲೆ ನೋಡಿ, ಎಲ್ಲಿಗೆ ಓಡಿತೋ ಏನೋ, ನನ್ನ ಬಾಯಿಂದ ಹೊರಟದ್ದು, "ಗುರುನಾಥರಾಯರ ಹೆಸರ ಹೇಳತೀನಿ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡೆ.

"ಅಜ್ಜಿ!" ಅದಿತಿ ಕಣ್ಣರಳಿಸಿದಳು. "ಅಜ್ಜಾನ ಹೆಸ್ರು ಗುರುನಾಥ್ ನಹೀ ಥಾ ನಾ? ಯಾರು ಇವ್ರು?"

ಅಯ್ಯೋ, ಆ ನಗು! ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವರು ನಕ್ಕಿದ್ದು ಒಂದಕ್ಕೆ, ನಾನು ನಕ್ಕಿದ್ದು ಇನ್ನೊಂದಕ್ಕೆ. ಈ ಹಾಲು ನಿಂತಿರುವುದು ಆ ಗುರುನಾಥರಾಯರ ಕಾಲದ ಒಂದು ಬಯಲಿನ ಮೇಲೆ ಎನ್ನುವುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ದೇಶದ ಮೊದಲ ಚುನಾವಣೆಯ ವರ್ಷ ಅದು. ನನಗೆ ಇಪ್ಪತ್ತೆರಡು. ಧಾರವಾಡದಲ್ಲಿ ಮ್ಯಾಟ್ರಿಕ್ ಪಾಸಾಗಿ, ಮದುವೆಯಾಗಿ ಬಂದು, ಘಾಟ್ಕೋಪರಿನ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದೇ ಖೋಲಿಯ ಸಂಸಾರ ಹೂಡಿದ್ದೆ. ನಮ್ಮ ಮನೆಯವರು ರೇಲ್ವೆಯಲ್ಲಿ ಕಾರಕೂನರು. ಚಾಳಿನಲ್ಲಿ ವಿಜಾಪುರ, ಬೆಳಗಾವಿ, ಧಾರವಾಡದ ಮಂದಿಯೇ ಹೆಚ್ಚು. ಅವರ ಮಕ್ಕಳು ಅರ್ಧ ಹೊತ್ತು ಬೀದಿ, ಅರ್ಧ ಹೊತ್ತು ಹಳಿಯ ಬದಿ. ನನಗೆ ಕೈಕಟ್ಟಿ ಕೂರುವ ಸ್ವಭಾವವಿಲ್ಲ. ಖೋಲಿಗಳ ಮುಂದಿನ ಗ್ಯಾಲರಿಯ ತುದಿಯಲ್ಲಿ ಹತ್ತೊಂಬತ್ತು ಮಕ್ಕಳನ್ನು ಕೂಡಿಹಾಕಿ ಕನ್ನಡ ಅಕ್ಷರ, ಮಗ್ಗಿ ಕಲಿಸತೊಡಗಿದೆ. ಕೊಡ ಹೊತ್ತು ತಿರುಗಾಡುವವರಿಗೆ ನನ್ನ ಸಾಲಿ ಕಾಲಿಗೆ ಅಡ್ಡ. ದೂರು ಹೋಗಿ, ಚಾಳಿನ ಮಾಲಕ ಅಪ್ಪಣೆ ಮಾಡಿದ್ದ: ಮುಂದಿನ ಮಳೆಗಾಲ ಮುಗಿಯುವುದರೊಳಗೆ ಗ್ಯಾಲರಿ ಖಾಲಿಯಾಗಬೇಕು. ನನ್ನ ಸಾಲಿಗೆ ಒಂದು ವರ್ಷದ ಆಯುಷ್ಯ.

ನಮ್ಮ ಚಾಳಿಗೂ ಎದುರಿನ ಮರಾಠಿ ಚಾಳಿಗೂ ನಡುವೆ ಒಂದು ಸರಕಾರಿ ಬಯಲಿತ್ತು. ಮಳೆಯಲ್ಲಿ ಮೊಣಕಾಲುದ್ದ ಹುಲ್ಲು, ಬೇಸಿಗೆಯಲ್ಲಿ ಧೂಳು. ನನಗೆ ಮಾತ್ರ ಅದನ್ನು ನೋಡಿದಾಗೆಲ್ಲ ಹೆಂಚು ಹೊದಿಸಿದ ನಾಲ್ಕು ಖೋಲಿ, ಒಂದು ಗಂಟೆ, ಸಾಲಾಗಿ ಬಿಟ್ಟ ಚಪ್ಪಲಿ ಕಾಣಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದರು ನೋಡಿ ಅಣ್ಣಾ! ಪೂರ್ತಿ ಹೆಸರು ಗುರುನಾಥರಾವ್ ಕಲ್ಲೋಳಿಕರ ಅಂತೆ. ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಗೌರವಕ್ಕೆ ಎಲ್ಲರಿಗೂ ಅವರು ಬರೀ ಅಣ್ಣಾ. ಬೆಳಗಾವಿ ಕಡೆಯವರು, ಚಳವಳಿಯಲ್ಲಿ ಜೇಲು ಕಂಡವರು, ಗಿರಣಿ ಕೆಲಸಗಾರರಿಗೆ ಓದು ಕಲಿಸಿದವರು. ಕನ್ನಡ ಮಾತಾಡಿದರೆ ಅಚ್ಚ ಕನ್ನಡಿಗ, ಮರಾಠಿ ಮಾತಾಡಿದರೆ ಅಚ್ಚ ಮರಾಠಿಗ, ಸ್ಟೇಶನ್ ಮುಂದಿನ ಉಡುಪಿ ಹೋಟೆಲಿಗೆ ಹೋದರೆ ಮಾಲಕ ಶೀನ ಶೆಟ್ಟರ ಜೊತೆ ತುಳುವಿನಲ್ಲೇ ಕುಶಲ. ರೇಶನ್ ಅಂಗಡಿಯವನು ಕಲ್ಲು ಬೆರೆಸಿದ ಜೋಳ ಕೊಟ್ಟಾಗ ಅದೇ ಜೋಳವನ್ನು ಅವನ ಮುಂದೆ ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದ ಗಂಡು ಅದು. ಹಲ್ಲು ಮುರಿದುಕೊಂಡರೇ ಹೊರತು ಬಿಡಲಿಲ್ಲ. ಮರುದಿನ ಹಸನಾದ ಜೋಳ ಬಂತು! ಅಂಥವರು ಪಕ್ಷೇತರರಾಗಿ ನಿಲ್ಲುತ್ತಾರೆಂದು ಗೊತ್ತಾದಾಗ ನಮ್ಮ ಚಾಳು ಹಬ್ಬ ಬಂದಂತೆ ಕುಣಿಯಿತು.

ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಅಣ್ಣಾ, ಆ ಬಯಲಿನ್ಯಾಗ ನಮ್ಮ ಮಕ್ಕಳಿಗೊಂದು ಕನ್ನಡ ಸಾಲಿ ಆಗತದೇನ್ರಿ?"

"ಆಗೂದೇನ ಬಂತವಾ? ಆತು ಅಂತ ತಿಳಿ. ಆರಿಸಿ ಬಂದ ಮ್ಯಾಲ ನಂದು ಮೊದಲನೇ ಸಹಿ ಅದಕ್ಕ" ಎಂದರು. ನನಗೆ ಸ್ವರ್ಗ ಮೂರೇ ಗೇಣು.

ಆದರೆ ಓಟು ಹಾಕಲು ಯಾದಿಯಲ್ಲಿ ಹೆಸರಿರಬೇಕಲ್ಲ? ಅಲ್ಲೇ ಎಡವಟ್ಟಾಗಿತ್ತು. ಯಾದಿ ಬರೆಯುವ ಸರಕಾರಿ ಕಾರಕೂನ ಬಂದು ಕೇಳಿದಾಗ ನಮ್ಮ ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ತನ್ನ ಹೆಸರು ಪರಪುರುಷನಿಗೆ ಹೇಳಬಾರದು, ಗಂಡನ ಹೆಸರಂತೂ ಎತ್ತಲೇಬಾರದು. ಅವನು ಬೇಸತ್ತು 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದು ಬರೆದುಕೊಂಡು ಹೋಗಿದ್ದ. ಅಂಥವೆಲ್ಲ ನಡೆಯುವುದಿಲ್ಲ, ತಿದ್ದದಿದ್ದರೆ ಹೊಡೆದು ಹಾಕುತ್ತೇವೆ ಎಂದು ಸರಕಾರದ ಮಾತು ಬಂತು.

ಅಣ್ಣಾ ಏನು ಮಾಡಿದರು ಗೊತ್ತೇ? ಶ್ರಾವಣ ಶುಕ್ರವಾರ, ಅರಿಶಿಣ ಕುಂಕುಮಕ್ಕೆ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದಾಗ ಕಾರಕೂನನನ್ನೇ ಕರೆತಂದು ಕೂರಿಸಿದರು. "ಇವತ್ತ ಹಬ್ಬ. ಇವತ್ತ ಒಡಪು ಹೇಳಾಕ ಯಾರಪ್ಪನ ಅಡ್ಡಿ ಐತಿ? ನೀವು ಹೇಳ್ರಿ, ಇವ ಬರಕೋತಾನ!"

ಒಂದು ಕ್ಷಣ ಪಿಸುಪಿಸು. ಆಮೇಲೆ ಕಟ್ಟೆಯೊಡೆದ ಹಾಗೆ ಶುರುವಾಯಿತು.

"ಹಿತ್ತಾಳಿ ಬಟ್ಟಲದಾಗ ಹೆಸರಬ್ಯಾಳಿ ಪಾಯಸಾ, ಮಾರುತಿರಾಯರ ಹೆಸರ ಹೇಳಾಕ ನನಗ್ಯಾಕ ಆಯಾಸಾ!"

"ಸ್ಟೇಶನ್ನಿಗೆ ಬರತಾವ ಲೋಕಲ್ ಗಾಡಿ ಸಾಲಾಗಿ, ಶಿವಪ್ಪನ ಹೆಸರ ಹೇಳತೀನಿ ಎಲ್ಲಾರಿಗಿಂತ ಮೇಲಾಗಿ!"

ಕಾರಕೂನ ಮರಾಠಿಯವನು, ಬರೆಯುವುದೋ ನಗುವುದೋ ತಿಳಿಯದೆ ಒದ್ದಾಡಿದ. ನಾನು ಪಕ್ಕದಲ್ಲಿ ಕುಳಿತು ಒಡಪಿನೊಳಗಿನ ಹೆಸರನ್ನು ಹೆಕ್ಕಿ ಹೆಕ್ಕಿ ಕೊಟ್ಟೆ. ಗಂಡನ ಹೆಸರಾದ ಮೇಲೆ ತನ್ನ ಹೆಸರು ಹೇಳುವುದು ಯಾರಿಗೂ ಭಾರವೆನಿಸಲಿಲ್ಲ.

ಕೊನೆಗೆ ಉಳಿದವಳು ಕೆಳಗಿನ ಖೋಲಿಯ ಮುದುಕಿ. ವಿಜಾಪುರದ ಕಡೆಯವಳು, ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಗಂಡನ ಹೆಸರನ್ನು ಠೀವಿಯಿಂದ ಒಡಪಿನಲ್ಲಿ ಹೇಳಿದಳು. "ಮತ್ತ ನಿನ್ನ ಹೆಸರಬೇ ಆಯಿ?" ಎಂದು ಅಣ್ಣಾ ಕೇಳಿದರು.

ಮುದುಕಿ ಸೆರಗು ಸರಿಮಾಡಿಕೊಂಡಳು. "ಬಸ್ಯಾನ ಅವ್ವ."

"ಅದಲ್ಲ, ನಿಮ್ಮಪ್ಪ ಇಟ್ಟ ಹೆಸರು."

"ಲಗ್ನ ಆದ ಮ್ಯಾಲ ಅತ್ತಿ ಮನ್ಯಾಗ ಬ್ಯಾರೆ ಇಟ್ಟರೋ ಯಪ್ಪಾ. ಅದನ್ನ ಯಾರೂ ಕರೀಲಿಲ್ಲ. ಮೊದಲಿನದು... ಮೊದಲಿನದು..." ಅವಳ ಮುಖ ಬಾಡಿ ಹೋಯಿತು. ನಲವತ್ತು ವರ್ಷದಿಂದ ಯಾರೂ ಕರೆಯದ ಹೆಸರು, ಅವಳಿಗೇ ಮರೆತಿತ್ತು.

ಬೇರೆ ಲೀಡರಾಗಿದ್ದರೆ ಯಾವುದೋ ಒಂದು ಹೆಸರು ಗೀಚಿ ಮುಗಿಸುತ್ತಿದ್ದ. ಅಣ್ಣಾ ಹಾಗೆ ಮಾಡಲಿಲ್ಲ. ಅವಳೆದುರು ನೆಲದ ಮೇಲೆ ಕುಳಿತು ತವರಿನ ಊರು ಕೇಳಿದರು, ಹೊಳೆ ಕೇಳಿದರು, ಒಡಹುಟ್ಟಿದವರ ಹೆಸರು ಕೇಳಿದರು. ಆಗಲಿಲ್ಲ. "ನಾಳೆ ಬರತೀನಿ ಆಯಿ, ನೆನಪ ಮಾಡಿಕೊಂಡಿರು" ಎಂದರು. ಮರುದಿನ ಅವರು ಗೇಟಿನೊಳಗೆ ಕಾಲಿಡುತ್ತಲೂ ಮುದುಕಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ನೆನಪಾತೋ ಯಪ್ಪಾ! ತುಂಗವ್ವ! ತುಂಗವ್ವ ನಾನು! ನಮ್ಮಪ್ಪ ತುಂಗಿ ಅಂತಿದ್ದ!" ಅಣ್ಣಾ ತಾವೇ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅವಳ ಕೈಗಿತ್ತರು. ಓದಲು ಬರದ ತುಂಗವ್ವ ಅದನ್ನು ರೊಟ್ಟಿಯ ಬುಟ್ಟಿಯೊಳಗೆ ಜೋಪಾನ ಮಾಡಿದಳು. ಅಂದಿನಿಂದ ಇಡೀ ಚಾಳು ಅವಳನ್ನು ತುಂಗವ್ವ ಎಂದೇ ಕರೆಯಿತು.

ಚಳಿಗಾಲ ಬಂತು, ಚುನಾವಣೆ ಬಂತು. ಅಣ್ಣಾನ ಗುರುತು ಕಂದೀಲು. ಅಬ್ಬಾ, ಆ ಗದ್ದಲ! ಟಾಂಗಾದ ಮೇಲೆ ಕಂದೀಲು, ಗೇಟಿಗೆ ಕಂದೀಲು, ನನ್ನ ಸಾಲಿಯ ಮಕ್ಕಳ ಪಾಟಿಯ ಮೇಲೆಲ್ಲ ಕಂದೀಲು. "ಕಂದೀಲಂದ್ರ ನಿಮ್ಮ ಮನೀ ದೀಪರೀ" ಎಂದು ಅಣ್ಣಾ ಹೇಳಿದ್ದೇ ಹೇಳಿದ್ದು.

ಆ ಮಾತೇ ಒಂದು ಪೇಚು ತಂದಿತು. ಆಗೆಲ್ಲ ಈಗಿನ ಹಾಗೆ ಗುಂಡಿ ಒತ್ತುವುದಿರಲಿಲ್ಲ. ಪರದೆಯ ಹಿಂದೆ ಸಾಲಾಗಿ ಡಬ್ಬಿಗಳು, ಒಂದೊಂದಕ್ಕೆ ಒಂದೊಂದು ಗುರುತಿನ ಚಿತ್ರ. ನಮಗೆ ಬೇಕಾದವರ ಡಬ್ಬಿಯಲ್ಲಿ ಚೀಟಿ ಹಾಕಬೇಕು. ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಹಾಕಿ ಹೊರಟ ನಮ್ಮ ಹೆಂಗಸರು ದೀಪದ ಚಿತ್ರ ಕಂಡ ಮೇಲೆ ಸುಮ್ಮನೆ ಬರುತ್ತಾರೆಯೆ? ಸಂಜೆ ದೀಪ ಹಚ್ಚಿದರೆ ಕುಂಕುಮ ಏರಿಸುವ ಕೈ ಅದು. ಒಬ್ಬೊಬ್ಬರೂ ಸೊಂಟದ ಚೀಲದಿಂದ ಕುಂಕುಮ ತೆಗೆದು ಡಬ್ಬಿಗೆ ಹಚ್ಚಿ, ಉಳಿದದ್ದನ್ನು ಸೀಳಿನೊಳಗೆ ಉದುರಿಸಿ, ಕೈಮುಗಿದು ಬಂದರು. ಒಳಗಿನಿಂದ ಅಧಿಕಾರಿ ಮರಾಠಿಯಲ್ಲಿ ಕೂಗುತ್ತಿದ್ದ, "ಅಹೋ ಮಾವಶೀ, ಹೇ ದೇಊಳ ನಾಹೀ!" ದೇವಸ್ಥಾನವಲ್ಲವಂತೆ! ತುಂಗವ್ವ ಹೊರಗೆ ಬಂದು, "ಯಾಕ ಚೀರತಾನ ಅಂವ? ದೀಪಕ್ಕ ಕುಂಕುಮ ಹಚ್ಚಬಾರದಂತ ಯಾವ ಕಾಯ್ದೆಯೊಳಗ ಐತಿ?" ಎಂದು ನನ್ನನ್ನೇ ಗದರಿದಳು.

ಎಣಿಕೆಯ ದಿನ ಡಬ್ಬಿ ತೆರೆದರೆ ಚೀಟಿಗಳೆಲ್ಲ ಕೆಂಪು! ಎದುರಾಳಿಯ ಏಜೆಂಟು ಎದ್ದು ನಿಂತ: ಚೀಟಿಯ ಮೇಲೆ ಗುರುತು ಬಿದ್ದಿದೆ, ಇವು ರದ್ದಾಗಬೇಕು. ನಮ್ಮ ಮನೆಯವರು ಅಣ್ಣಾನ ಏಜೆಂಟರಾಗಿ ಒಳಗಿದ್ದರು. ಹೊರಗೆ ಬಂದು ಸುದ್ದಿ ಹೇಳಿದರು. ನಮ್ಮ ಭಕ್ತಿಯೇ ನಮಗೆ ಮುಳುವಾಯಿತೇ? ಸಾಲಿ ಹೋಯಿತೇ? ಅಧಿಕಾರಿ ಕನ್ನಡಕ ಒರೆಸಿಕೊಂಡು, ಚೀಟಿಯನ್ನು ಹಿಂದೆ ಮುಂದೆ ನೋಡಿ, ಕಡೆಗೊಮ್ಮೆ ಹೇಳಿದನಂತೆ, "ಕುಂಕುಮ ಹಾಕಿದ್ದು ಡಬ್ಬಿಗೆ, ಚೀಟಿಗಲ್ಲ. ಎಣಿಸಿ!"

ಗೆದ್ದರು ಅಣ್ಣಾ! ಗೆದ್ದೇ ಗೆದ್ದರು! ಆ ದಿನದ ಮೆರವಣಿಗೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎರಡೂ ಚಾಳಿನ ಜನ ಬಯಲಿಗೆ ಇಳಿದಿದ್ದರು. ಶೀನ ಶೆಟ್ಟರು ಹೋಟೆಲಿನಿಂದ ಬುಟ್ಟಿಗಟ್ಟಲೆ ಬೋಂಡಾ ಕಳಿಸಿದರು. ತುಂಗವ್ವ ಆರತಿ ಎತ್ತಿದಳು. ಆರತಿಯ ಬೆಳಕಿನಲ್ಲಿ ಅಣ್ಣಾ ಮುರಿದ ಹಲ್ಲು ಕಾಣುವಂತೆ ನಕ್ಕಿದ್ದನ್ನು ಕಂಡು ನಾನು ಅತ್ತುಬಿಟ್ಟೆ.

ಆಮೇಲೆ ಬೇಸಿಗೆ ಬಂತು. ಅಣ್ಣಾ ಬರುವುದು ಕಡಿಮೆಯಾಯಿತು. ಬಂದಾಗೆಲ್ಲ ನಾನು ಕೇಳುವುದು, ಅವರು "ಆಗೇ ಬಿಟ್ಟೈತಿ ತಂಗೀ" ಎನ್ನುವುದು. ಆ ಮನುಷ್ಯನ ಬಾಯಲ್ಲಿ 'ಇಲ್ಲ' ಎಂಬ ಶಬ್ದವೇ ಇಲ್ಲ ಎಂದು ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ದಡ್ಡಿ ನಾನು! ಹೊಗಳುತ್ತಿದ್ದುದು ಗುಣವನ್ನಲ್ಲ, ರೋಗವನ್ನು ಎಂದು ತಿಳಿಯಲಿಲ್ಲ.

ಮಳೆ ಹಿಡಿಯಿತು, ಮತ್ತೆ ಶ್ರಾವಣ ಬಂತು. ಎದುರಿನ ಚಾಳಿನ ಕಮಳಾಬಾಯಿ ಅವರ ಮನೆಯ ಹಳದಿಕುಂಕುಮಕ್ಕೆ ನನ್ನನ್ನೂ ತುಂಗವ್ವನನ್ನೂ ಕರೆದಳು. ನಮ್ಮ ಒಡಪು ಇದ್ದ ಹಾಗೆ ಮರಾಠಿಯವರಲ್ಲಿ ಉಖಾಣಾ. ಹೆಂಗಸರು ಒಬ್ಬೊಬ್ಬರಾಗಿ ಗಂಡನ ಹೆಸರು ಹೇಳುತ್ತ ಬಂದರು. ಕಮಳಾಬಾಯಿಯ ಸರದಿ ಬಂದಾಗ ಅವಳು ಎದ್ದು, ಬಯಲಿನಲ್ಲಿ ಎದ್ದು ನಿಲ್ಲಲಿದೆ ನಮ್ಮ ಪೈಲವಾನರ ತಾಲೀಮು, ಅಣ್ಣಾ ಕೊಟ್ಟ ವಚನ ಹುಸಿಯಾಗದು, ಇಂಥವರ ಹೆಸರು ಹೇಳುತ್ತೇನೆ ಎಂದು ಪ್ರಾಸ ಕೂಡಿಸಿ ಹಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಕೈಯಲ್ಲಿದ್ದ ನೆನೆಗಡಲೆಯ ಪೊಟ್ಟಣ ಕೆಳಗೆ ಬಿತ್ತು. ತುಂಗವ್ವ ನನ್ನ ಮೊಣಕೈ ತಿವಿದಳು. "ಏನಂದ್ಲಲೇ ಅಕಿ? ಯಾವ ಬಯಲು?"

ನಾನು ಕಮಳಾಬಾಯಿಯನ್ನು ಮೂಲೆಗೆ ಎಳೆದೆ. ಅಣ್ಣಾ ಚುನಾವಣೆಗೂ ಮುಂಚೆ ಅವರ ಗಂಡಸರ ಸಭೆಯಲ್ಲಿ ಮಾತು ಕೊಟ್ಟಿದ್ದರಂತೆ. ಈಗಿನ ತಾಲೀಮು, ಅಂದರೆ ಕುಸ್ತಿಯ ಗರಡಿ, ಹರಕು ತಗಡಿನ ಶೆಡ್ಡು, ಮಳೆಗೆ ಸೋರುತ್ತದೆ, ಬಯಲಿನಲ್ಲಿ ಹೊಸದು ಕಟ್ಟಿಸುತ್ತೇನೆ ಎಂದಿದ್ದರಂತೆ. "ಮೊದಲನೇ ಸಹಿ ಅದಕ್ಕೇ ಅಂದಿದ್ದರು" ಎಂದಳು. ನಮ್ಮ ಸಾಲಿಯ ವಿಷಯ ಹೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕನ್ನಡದವರ ಸಭೆ ಬೇರೆ, ಮರಾಠಿಯವರ ಸಭೆ ಬೇರೆ, ಅಲ್ಲಿನ ಮಾತು ಇಲ್ಲಿಗೆ ಬರಲಾರದು ಎಂದು ಲೆಕ್ಕ ಹಾಕಿದ್ದ ಅಣ್ಣಾ ಒಂದನ್ನು ಮರೆತಿದ್ದರು. ಗಂಡಸರು ಸಭೆ ಬೇರೆ ಬೇರೆ ಮಾಡಿಯಾರು, ಹೆಂಗಸರ ಕುಂಕುಮದ ಬಟ್ಟಲಿಗೆ ಭಾಷೆಯ ಗೋಡೆಯಿಲ್ಲ.

ನಮ್ಮ ಮನೆಯವರು ಹೋಟೆಲಿನಲ್ಲಿ ವಿಚಾರಿಸಿದರೆ ಶೀನ ಶೆಟ್ಟರು, "ಎಂತ ಮಾರಾಯ್ರೆ, ಆ ಬಯಲು ನಮ್ಮ ಯಕ್ಷಗಾನದ ಮಂಡಳಿಗಲ್ಲವಾ? ಅಣ್ಣಾ ನನ್ನ ಕೈ ಹಿಡಿದು ಹೇಳಿದ್ದಾರೆ!" ಎಂದರಂತೆ.

ಅದೇ ವಾರ ಒಂದು ಲಾರಿ ಬಂತು. ಕಬ್ಬಿಣದ ಕಂಬ ನೆಟ್ಟು ಬಯಲಿನ ಸುತ್ತ ತಂತಿಬೇಲಿ ಎಳೆದರು. ಯಾವುದೋ ಸರಕಾರಿ ಉಗ್ರಾಣ ಬರುತ್ತದಂತೆ. ನಮ್ಮ ಮನೆಯವರು ಕಚೇರಿಗೆ ಹೋಗಿ ಪರಿಚಯದವರಿಂದ ಫೈಲು ತೆಗೆಸಿದರು. ಒಳಗೆ ನಾಲ್ಕು ಶಿಫಾರಸು ಪತ್ರ: ಸಾಲಿಗೆ ಒಂದು, ತಾಲೀಮಿಗೆ ಒಂದು, ಯಕ್ಷಗಾನಕ್ಕೆ ಒಂದು, ಉಗ್ರಾಣಕ್ಕೆ ಒಂದು. ನಾಲ್ಕಕ್ಕೂ ಅಣ್ಣಾನದೇ ಸಹಿ.

ನನಗೆ ಮೈಯೆಲ್ಲ ಉರಿಯಿತು. ಅಂಗೈಯಲ್ಲಿ ಅರಮನೆ ತೋರಿಸಿದ ಮನುಷ್ಯ! ಮಾಲಕ ಕೊಟ್ಟ ಗಡುವು ಮುಗಿಯುತ್ತ ಬಂದಿತ್ತು. ನನ್ನ ಹತ್ತೊಂಬತ್ತು ಮಕ್ಕಳು ಈಗ ಮೂವತ್ತಾಗಿದ್ದರು. ಗಂಡಸರು ಮನವಿ ಕೊಡೋಣ, ನಿಯೋಗ ಹೋಗೋಣ ಎಂದು ಮಾತಾಡುತ್ತ ಕುಳಿತರು. ತುಂಗವ್ವ ಬಂದು ನನ್ನೆದುರು ಕುಕ್ಕರಿಸಿದಳು. "ನಿನಗ ಅಕ್ಷರ ಬರತಾವ. ನನಗೊಂದ ಒಡಪು ಕಟ್ಟಿಕೊಡ."

"ಯಾರ ಹೆಸರಿನ ಮ್ಯಾಲ?"

ಅವಳು ಹೇಳಿದಳು. ನಾನು ಮಕ್ಕಳ ಪಾಟಿ ತೆಗೆದುಕೊಂಡು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಮಳಾಬಾಯಿ ಅದನ್ನೇ ಮರಾಠಿಗೆ ತಿರುಗಿಸಿಕೊಂಡಳು.

ಆಗಸ್ಟ್ ಹದಿನೈದು ಆ ವರ್ಷ ಶುಕ್ರವಾರವೇ ಬಿದ್ದಿತ್ತು. ಬಯಲಿನ ಬೇಲಿಯ ಹೊರಗೆ ಅಣ್ಣಾ ಬಾವುಟ ಏರಿಸುವ ಕಾರ್ಯಕ್ರಮ. ಬೆಳಿಗ್ಗೆ ಒಂದು ಮಳೆ ಹೊಯ್ದು ನಿಂತಿತ್ತು. ಎರಡೂ ಚಾಳಿನವರು, ಹೋಟೆಲಿನವರು, ಎಲ್ಲ ಇದ್ದರು. ಅಣ್ಣಾ ಹೊಸ ಜುಬ್ಬಾ ತೊಟ್ಟು ಬಂದರು. ಬಾವುಟ ಏರಿತು, ಚಪ್ಪಾಳೆಯಾಯಿತು. ಮೊದಲು ಮರಾಠಿಯಲ್ಲಿ ನಾಲ್ಕು ಮಾತು, ಆಮೇಲೆ ಕನ್ನಡದಲ್ಲಿ ನಾಲ್ಕು ಮಾತು. ಬಯಲಿನ ಸುದ್ದಿ ಒಂದರಲ್ಲೂ ಇಲ್ಲ.

ಆರತಿಯ ತಾಟು ಹಿಡಿದು ತುಂಗವ್ವ ಮುಂದೆ ಬಂದಳು. ಅಣ್ಣಾ ತಲೆ ಬಾಗಿಸಿ, "ಆಯಿ, ಇವತ್ತೂ ಒಂದು ಒಡಪು ಆಗಲಿ" ಎಂದರು. ತಾವಾಗಿಯೇ ಕೇಳಿದರು ನೋಡಿ!

"ಆಗಲಿ ಯಪ್ಪಾ. ಹೋದ ವರ್ಷ ನನ್ನ ಗಂಡನ ಹೆಸರ ಹೇಳೀನಿ. ಈ ವರ್ಷ ನಮ್ಮ ಲೀಡರನ ಹೆಸರ ಹೇಳತೀನಿ" ಎಂದು ತುಂಗವ್ವ ದನಿ ಎತ್ತಿದಳು.

"ಸಾಲಿಗೂ ಅದ ಜಾಗಾ, ತಾಲೀಮಿಗೂ ಅದ ಜಾಗಾ,
ಗುರುನಾಥರಾಯರ ಹೆಸರ ಹೇಳತೀನಿ, ತಂತಿಬೇಲಿ ಈಗಾ!"

ಅಣ್ಣಾನ ಹೆಸರನ್ನು ಅವರೆದುರಿಗೇ, ಅದೂ ಒಡಪಿನಲ್ಲಿ! ಅಷ್ಟರಲ್ಲಿ ಆ ಕಡೆಯಿಂದ ಕಮಳಾಬಾಯಿ ಎದ್ದು ಅದನ್ನೇ ಮರಾಠಿಯಲ್ಲಿ ಹೇಳಿದಳು. ನಮ್ಮವರಿಗೆ ಕನ್ನಡದಲ್ಲಿ ತಿಳಿಯಿತು, ಅವರಿಗೆ ಮರಾಠಿಯಲ್ಲಿ ತಿಳಿಯಿತು, ಎಲ್ಲರೂ ಕೈಸನ್ನೆ ಮಾಡಿ ಬೇಲಿ ತೋರಿಸಿದರು. ಹಿಂದಿನಿಂದ ಶೀನ ಶೆಟ್ಟರು, "ಯಕ್ಷಗಾನವನ್ನೂ ಸೇರಿಸಿ ಮಾರಾಯ್ರೆ!" ಎಂದು ಕೂಗಿದರು. ಹೋ ಎಂದು ನಗು ಎದ್ದಿತು. ಹೆಂಗಸರು ನಕ್ಕರು, ಗಂಡಸರು ನಕ್ಕರು, ಮೇಜಿನ ಮೇಲಿದ್ದ ಪೊಲೀಸಿನವನ ಟೊಪ್ಪಿಗೆ ಕೆಳಗೆ ಬೀಳುವಷ್ಟು ನೂಕುನುಗ್ಗಲಾಯಿತು. ಮಕ್ಕಳಂತೂ ಆ ಒಡಪನ್ನು ಮಗ್ಗಿಯ ಹಾಗೆ ಒದರತೊಡಗಿದರು.

ಯಾರೂ ಒಂದು ಕಲ್ಲು ಎಸೆಯಲಿಲ್ಲ, ಒಂದು ಬೈಗುಳ ಆಡಲಿಲ್ಲ. ಬೈದಿದ್ದರೆ ಅಣ್ಣಾ ಉತ್ತರ ಕೊಡುತ್ತಿದ್ದರು. ಜೇಲು ಕಂಡ ಮನುಷ್ಯ. ನಗುವಿಗೆ ಏನು ಉತ್ತರ ಕೊಟ್ಟಾರು? ಮುಖ ಕಪ್ಪಿಟ್ಟು ಟ್ಯಾಕ್ಸಿ ಹತ್ತಿ ಹೋದರು. ಆಮೇಲೆ ಅವರು ಎಲ್ಲಿ ಭಾಷಣಕ್ಕೆ ನಿಂತರೂ, ಹೆಂಗಸರ ಸಾಲಿನಿಂದ ಯಾರಾದರೂ "ಅದ ಜಾಗಾ" ಎನ್ನುವುದು, ಸಭೆ ಘೊಳ್ಳೆನ್ನುವುದು. ದೀಪಾವಳಿಯ ಹೊತ್ತಿಗೆ ಅಣ್ಣಾನನ್ನು ಸಭೆಗೆ ಕರೆಯುವವರೇ ಇಲ್ಲವಾದರು. ಏರಲು ಹಿಡಿದಿದ್ದು ಒಂದು ವರ್ಷ, ಇಳಿಯಲು ಒಂದು ಒಡಪು.

ಅದಕ್ಕೂ ಮುಂಚೆ ಒಂದು ದಿನ ಬೆಳಿಗ್ಗೆ, ನಾನು ಗ್ಯಾಲರಿಯಲ್ಲಿ ಕಾಗುಣಿತ ಹೇಳಿಸುತ್ತಿದ್ದಾಗ, ಅಣ್ಣಾ ಒಬ್ಬರೇ ಬಂದು ಮಕ್ಕಳ ಹಿಂದೆ ಗೋಡೆಗೆ ಒರಗಿ ಕುಳಿತರು.

"ಆ ಒಡಪು ಆಯೀದಲ್ಲ. ಯಾರು ಕಟ್ಟಿದ್ದು?" ಎಂದರು.

"ನಾನರೀ."

ಅವರು ನಕ್ಕರು. "ಪ್ರಾಸ ಛಲೋ ಕೂಡೈತಿ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಯಾಕ ಹಿಂಗ ಮಾಡಿದ್ರಿ ಅಣ್ಣಾ? ಆಗೂದಿಲ್ಲ ಅಂತ ಮೊದಲ ಹೇಳಿದ್ರ ನಾವೇನ ನಿಮ್ಮ ಕೈ ಬಿಡತಿದ್ದಿವೇನ್ರಿ?"

"ಹೇಳಾಕ ಬರಲಿಲ್ಲ ತಂಗೀ. ಎದುರಿಗೆ ಬಂದವರ ಮುಖ ನೋಡಿದ್ರ 'ಹೂಂ' ಅಂತ ಬಾಯಿಗೆ ಬರತೈತಿ. ಆ ಹೊತ್ತಿನ್ಯಾಗ ಅದು ಖರೇನ ಇರತೈತಿ."

"ಒಮ್ಮೆ ಹೇಳ್ರಿ. ಈಗ ಹೇಳ್ರಿ."

ಅವರು ಬೇಲಿಯ ಕಡೆ ನೋಡಿದರು, ನನ್ನ ಮಕ್ಕಳ ಕಡೆ ನೋಡಿದರು. "ಇಲ್ಲ. ಸಾಲಿ ಆಗೂದಿಲ್ಲ ತಂಗೀ" ಎಂದರು. ಎದ್ದು ಮೆಟ್ಟಿಲಿಳಿದು ಹೋದರು. ಆ ವರ್ಷ ಅವರಾಡಿದ ಮಾತುಗಳಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ.

ಸಾಲಿ ಆಯಿತು ಮತ್ತೆ! ಆಗದೆ ಬಿಡುತ್ತೇನೆಯೆ? ಕಮಳಾಬಾಯಿ ಬಂದು, "ಅಗ, ನಮ್ಮ ತಾಲೀಮು ಬೆಳಿಗ್ಗೆ ಖಾಲಿಯೇ ಇರುತ್ತದಲ್ಲ" ಎಂದಳು. ಎರಡೂ ಚಾಳಿನವರು ಸೇರಿ ತಗಡು ಬದಲಿಸಿದರು. ಬೆಳಿಗ್ಗೆ ಕನ್ನಡ ಅಕ್ಷರ, ಸಂಜೆ ಕುಸ್ತಿ. ನನ್ನ ಮಕ್ಕಳ ಪಾಟಿಗೆಲ್ಲ ಅಖಾಡದ ಕೆಮ್ಮಣ್ಣು, ಎಣ್ಣೆಯ ವಾಸನೆ. ಕಮಳಾಬಾಯಿಯ ಮಗ ಡಂಡ ಹೊಡೆಯುತ್ತ ಕನ್ನಡ ಮಗ್ಗಿ ಬಾಯಿಪಾಠ ಮಾಡಿಬಿಟ್ಟ. ಹನ್ನೊಂದು ವರ್ಷ ಕಲಿಸಿದೆ ನಾನು ಅಲ್ಲಿ.

ಐದು ವರ್ಷದ ಮೇಲೆ ಮುಂದಿನ ಚುನಾವಣೆ. ಅಣ್ಣಾ ಮತ್ತೆ ಕಂದೀಲು ಹಿಡಿದು ನಿಂತರು. ಟಾಂಗಾ ಇಲ್ಲ, ಬೋಂಡಾ ಇಲ್ಲ; ಕಾಲ್ನಡಿಗೆಯಲ್ಲಿ ಒಬ್ಬರೇ ಬಂದು ಕೈಮುಗಿದು ಹೋದರು. ನಾನು ಪರದೆಯ ಹಿಂದೆ ನಿಂತಾಗ ಕೈ ಕಂದೀಲಿನ ಡಬ್ಬಿಯವರೆಗೆ ಹೋಯಿತು. ಬೇಲಿ ನೆನಪಾಯಿತು, ಕೈ ಪಕ್ಕಕ್ಕೆ ಸರಿಯಿತು. ಸುಳ್ಳು ಯಾಕೆ ಹೇಳಲಿ, ಸಿಟ್ಟು ನನ್ನದು ಬಹಳ ದಿನದ ಸಿಟ್ಟು.

ಎಣಿಕೆ ನೋಡಿ ಬಂದ ನಮ್ಮ ಮನೆಯವರು ಟೊಪ್ಪಿಗೆ ಗೂಟಕ್ಕೆ ಹಾಕಿ ಕುಳಿತರು. ಆಮೇಲೆ ಹೇಳಿದರು, "ನಮ್ಮ ಬೂತಿನ ಕಂದೀಲಿನ ಡಬ್ಬಿ ತೆಗೆದ್ರು. ಒಳಗ ಒಂದ ಚೀಟಿ. ಒಂದು ಚಿಟಿಕಿ ಕುಂಕುಮ."

ನಾನು ಮೆಟ್ಟಿಲು ಇಳಿದು ಓಡಿದೆ. ತುಂಗವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅದೇ ಬುಟ್ಟಿ, ಅದರ ತಳದಲ್ಲಿ ಜಿಡ್ಡು ಹತ್ತಿ ಹಳದಿಯಾದ ಅದೇ ಕಾಗದ.

"ತುಂಗವ್ವಾ, ನೀನ ಹಾಕಿದೆಲ್ಲ? ಅವರನ್ನ ಕೆಡವಿದಾಕಿನೂ ನೀನ, ಓಟ ಹಾಕಿದಾಕಿನೂ ನೀನ?"

ಅವಳು ತಲೆ ಎತ್ತಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಸವರಿದಳು.

"ಮಾತು ತಪ್ಪಿದ, ಎಲ್ಲಾರ ಮುಂದ ಮಾನಾ ಕಳದೆ. ಅದು ಆತು. ಆದ್ರ ನಾ ಅಪ್ಪನ ಮನಿ ಬಿಟ್ಟ ಮ್ಯಾಲ ನನ್ನ ಹೆಸರೇನು ಅಂತ ಕೇಳಿದಾಂವ ಅಂವೊಬ್ಬನ. ಕೇಳಿ, ಎದುರಿಗೆ ಕುಂತು, ನೆನಪಾಗೂ ತನಕಾ ಕಾದ. ತುಂಗವ್ವ ಒಂದ ಓಟ ಹಾಕಬಾರದೇನ?"

ಅವಳು ರೊಟ್ಟಿ ತಿರುವಿ ಹಾಕಿ, "ತಗೋ, ಬಿಸೀದ ಐತಿ, ತಿನ್ನು" ಎಂದಳು.